ದೀಪದ ಬತ್ತಿ, ಊದುಬತ್ತಿ, ವೈಫೈ ಬಲ್ಬು

ಹೋದ ದೀಪಾವಳಿಗೆ ನಾನು ಮನೆಗೆ ಒಂದು ಸ್ಮಾರ್ಟ್ ಬಲ್ಬು, ಒಂದು ಡಿಫ್ಯೂಸರ್ ತಂದೆ. ಡಿಫ್ಯೂಸರ್ ಅಂದರೆ ನೀರಿಗೆ ನಾಲ್ಕು ಹನಿ ಪರಿಮಳದ ಎಣ್ಣೆ ಬಿಟ್ಟರೆ ಅದನ್ನು ತಣ್ಣನೆಯ ಮಂಜಿನಂತೆ ಹೊರಗೆ ಬಿಡುವ ಪುಟ್ಟ ಯಂತ್ರ. ಎರಡನ್ನೂ ಫೋನಿನ ಒಂದೇ ಆ್ಯಪ್‌ಗೆ ಜೋಡಿಸಬಹುದು. ಸಂಜೆ ಏಳಕ್ಕೆ ಬಲ್ಬು ತಾನೇ ಹಳದಿಗೆ ತಿರುಗುತ್ತದೆ, ಜೊತೆಗೆ ಗಂಧದ ಪರಿಮಳ ಶುರುವಾಗುತ್ತದೆ. ಇದಕ್ಕೆ ಆ್ಯಪ್‌ನಲ್ಲಿ 'ಸೀನ್' ಅನ್ನುತ್ತಾರೆ. ಓದುವುದಕ್ಕೆ ಒಂದು ಸೀನು, ಮಲಗುವುದಕ್ಕೆ ಒಂದು, ನೆಂಟರು ಬಂದಾಗ ಇನ್ನೊಂದು. ನಾಲ್ಕು ವರದಿಗೆ ಬಂದ ದುಡ್ಡು ಅದಕ್ಕೇ ಹೋಯಿತು. ಸ್ಟ್ರಿಂಗರ್ ಕೆಲಸದ ಸಂಪಾದನೆ ಎಷ್ಟೆಂದು ಈ ಬ್ಲಾಗ್ ಓದುವವರಿಗೆ ಹೇಳಬೇಕಿಲ್ಲ.

ಸಂಜೆ ಏಳಾಯಿತು. ನಡುಮನೆ ಹಳದಿಯಾಯಿತು, ಗಂಧ ಹರಡಿತು. ಟೀವಿ ನೋಡುತ್ತಿದ್ದ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, ಎದ್ದು ಜಗಲಿಗೆ ಹೋಗಿ ಕೂತಳು. ಯಾಕವ್ವ ಅಂದೆ. "ನಿಮ್ಮಪ್ಪನ್ನ ಮಲಗ್ಸಿದ್ ದಿನ ಇದ್ದಂಗೇ ವಾಸ್ನೆ ಬತ್ತದೆ ಕಣಪ್ಪ. ತಗ್ದಿಡು ಮಗ" ಅಂದಳು.

ಅಪ್ಪ ತೀರಿಕೊಂಡು ಆರು ವರ್ಷ. ಅವತ್ತು ಅದೇ ನಡುಮನೆಯಲ್ಲಿ ತಲೆಯ ಹತ್ತಿರ ಒಂದು ದೀಪ, ಪಕ್ಕದಲ್ಲಿ ಬಾಳೆಹಣ್ಣಿಗೆ ಚುಚ್ಚಿದ ಗಂಧದ ಕಡ್ಡಿ, ರಾತ್ರಿಯಿಡೀ ಒಂದಾದ ಮೇಲೊಂದು. ಹಳದಿ ಬೆಳಕು ಮತ್ತು ಗಂಧ. ನಾನು ಸಾವಿರಾರು ರೂಪಾಯಿ ಕೊಟ್ಟು ಅದನ್ನೇ ಮನೆಗೆ ತಂದಿದ್ದೆ.

ಬೆಳಕು ಮತ್ತು ಪರಿಮಳ ಸೇರಿಸಿ ಕೋಣೆಯ ಮನಸ್ಸು ಬದಲಿಸುವ ಕೆಲಸ ಹೊಸದೇನಲ್ಲ ಅಂತ ಅವತ್ತು ಹೊಳೆಯಿತು. ಆಮೇಲೆ ಒಂದಿಷ್ಟು ಓದಿದೆ, ಊರಿನ ಹಿರಿಯರನ್ನು ಕೇಳಿದೆ. ಈ ಬರಹ ಅದರದ್ದು.

ಮೊದಲು ಒಂದು ಪದ ನೋಡಿ. ದೀಪಕ್ಕೆ ಹಾಕುವುದೂ ಬತ್ತಿ, ಊದುಬತ್ತಿಯೂ ಬತ್ತಿ, ಮೇಣದ್ದೂ ಬತ್ತಿ. ಸಂಸ್ಕೃತದ 'ವರ್ತಿ' ನಮ್ಮ ಬಾಯಲ್ಲಿ ಬತ್ತಿ ಆಯಿತು. ಊದುಬತ್ತಿ ಅಂದರೆ ಊದುವ ಬತ್ತಿ ಅಂತ ನಾನು ಡಿಪ್ಲೊಮಾ ಮುಗಿಸುವವರೆಗೂ ತಿಳಿದಿದ್ದೆ. ಹಾಗಲ್ಲ. ಅರಬ್ಬಿಯಲ್ಲಿ ಅಗರು ಮರದ ಕಟ್ಟಿಗೆಗೆ ಊದ್ ಅನ್ನುತ್ತಾರೆ. ಅಗರಬತ್ತಿ ಅಂದರೂ ಊದುಬತ್ತಿ ಅಂದರೂ ಮೂಲದಲ್ಲಿ ಒಂದೇ ಮಾತು, ಒಂದು ನಮ್ಮ ಕಡೆಯದು, ಇನ್ನೊಂದು ಹಡಗಿನಲ್ಲಿ ಬಂದದ್ದು.

ಒಂದು ಸಾವಿರ ವರ್ಷ ಹಿಂದೆಯೇ ಇದರ ಬಗ್ಗೆ ಕನ್ನಡದಲ್ಲಿ ಬರೆದವರಿದ್ದಾರೆ. ಚಾವುಂಡರಾಯ ಎಂಬ ಕವಿ 1025ರ ಸುಮಾರಿಗೆ 'ಲೋಕೋಪಕಾರ' ಬರೆದ. (ಬೆಳಗೊಳದ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯ ಬೇರೆ, ಇವನು ಬೇರೆ.) ಬಾವಿಗೆ ನೀರು ಎಲ್ಲಿ ಸಿಗುತ್ತದೆ, ಗಿಡಕ್ಕೆ ರೋಗ ಬಂದರೆ ಏನು ಮಾಡಬೇಕು, ಅಡುಗೆ ಹೇಗೆ, ದನಕ್ಕೆ ಮದ್ದೇನು ಅಂತ ಮನೆಮಂದಿಗೆ ಬೇಕಾದದ್ದನ್ನೆಲ್ಲ ಹೇಳುವ ಪುಸ್ತಕ ಅದು. ಅದರಲ್ಲಿ ಪರಿಮಳದ ವಸ್ತು ಮಾಡಿಕೊಳ್ಳುವುದಕ್ಕೂ ಒಂದು ಭಾಗ ಇದೆ. ಬಾವಿ, ಬೆಳೆ, ದನದ ಸಾಲಿನಲ್ಲಿ ಪರಿಮಳವನ್ನೂ ಕೂರಿಸಿದ್ದು ನನಗೆ ಹಿಡಿಸಿತು.

ನೂರು ವರ್ಷ ಕಳೆದ ಮೇಲೆ ಕಲ್ಯಾಣದಲ್ಲಿ, ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ' ಎಂಬ ದೊಡ್ಡ ಸಂಸ್ಕೃತ ಗ್ರಂಥ ಬರೆದ. ಕಾಲ 1130ರ ಆಸುಪಾಸು. ಅರಸನಾದವನು ಹೇಗೆ ಬದುಕನ್ನು ಸವಿಯಬೇಕು ಅಂತ ಅದರಲ್ಲಿ ಇಪ್ಪತ್ತು ಭೋಗಗಳ ಪಟ್ಟಿ ಇದೆ. ಊಟ, ಸ್ನಾನ, ಹಾಸಿಗೆ, ತಾಂಬೂಲದ ಜೊತೆಗೆ 'ಧೂಪಭೋಗ'ವೂ ಒಂದು. ಧೂಪವನ್ನು ಪುಡಿಯಾಗಿ, ಉಂಡೆಯಾಗಿ, ಬತ್ತಿಯಾಗಿ ಮಾಡುವುದು ಅಲ್ಲಿ ಬರುತ್ತದೆ. ಬಿದಿರು ಕಡ್ಡಿಯ ಊದುಬತ್ತಿ ಆಮೇಲಿನದು, ಆದರೆ ಬತ್ತಿಯ ಯೋಚನೆ ಅಷ್ಟು ಹಳೆಯದು. ಅರಸನ ಮನೆಯಲ್ಲಿ ಇದನ್ನೆಲ್ಲ ಹಚ್ಚುವುದಕ್ಕೆ ಆಳುಗಳಿದ್ದರು. ಈಗಿನ ಆ್ಯಪ್ ಮಾಡುವುದು ಆ ಆಳಿನ ಕೆಲಸವನ್ನೇ.

ನಮ್ಮಂಥವರ ಮನೆ? ಅಲ್ಲಿ ಬೆಳಕು ಬೇರೆ, ವಾಸನೆ ಬೇರೆ ಅಂತ ಇರಲೇ ಇಲ್ಲ. ಗೋಡೆಯ ಗೂಡಿನಲ್ಲಿ ಹಣತೆ. ಅದಕ್ಕೆ ಹರಳೆಣ್ಣೆಯೋ, ಹೊಂಗೆ ಎಣ್ಣೆಯೋ, ಹಿಪ್ಪೆ ಎಣ್ಣೆಯೋ, ಆ ವರ್ಷ ಯಾವುದು ಸಿಕ್ಕಿತೋ ಅದು. ಪ್ರತಿ ಎಣ್ಣೆಗೂ ಅದರದ್ದೇ ವಾಸನೆ, ಅದರದ್ದೇ ಉರಿ. ಊರಿನ ಒಬ್ಬ ಅಜ್ಜಿ ಹೇಳಿದ್ದು: ಹರಳೆಣ್ಣೆ ದೀಪ ನಿಧಾನಕ್ಕೆ ತಂಪಾಗಿ ಉರಿಯುತ್ತದೆ, ಅದರ ಕಾಡಿಗೆಯೇ ಮಗುವಿನ ಕಣ್ಣಿಗೆ. ಹೊಂಗೆ ಎಣ್ಣೆ ಘಾಟು, ಆದರೆ ಸೊಳ್ಳೆ ಹತ್ತಿರ ಬರುವುದಿಲ್ಲ. ಕಣ್ಣು ಮುಚ್ಚಿಕೊಂಡೇ ಯಾರ ಮನೆಯ ನಡುಮನೆಗೆ ಬಂದೆ ಅಂತ ಹೇಳಬಹುದಿತ್ತಂತೆ.

ಬೇಕೆಂದೇ ಬೆಳಕು, ಪರಿಮಳ ಎರಡನ್ನೂ ಹೊಂದಿಸುತ್ತಿದ್ದ ಕೋಣೆಯೂ ಇತ್ತು. ಅದು ಬಾಣಂತಿ ಕೋಣೆ. ಕಿಟಕಿಗೆ ಬಟ್ಟೆ, ಮೂಲೆಯಲ್ಲಿ ಸಣ್ಣ ದೀಪ, ಬಾಗಿಲಿಗೆ ಬೇವಿನ ಸೊಪ್ಪು. ಎಣ್ಣೆ ನೀರು ಆದ ಮೇಲೆ ಅಗ್ಗಿಷ್ಟಿಕೆಯ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ, ಮೇಲೆ ಬಿದಿರು ಬುಟ್ಟಿ ಕವುಚಿ, ಅದರ ಮೇಲೆ ಬಾಣಂತಿಯ ಕೂದಲು ಹರಡುತ್ತಿದ್ದರು. ಕೂದಲು ಒಣಗುವಷ್ಟರಲ್ಲಿ ತಾಯಿಗೂ ಮಗುವಿಗೂ ನಿದ್ದೆ. ಈಗಿನ ಆ್ಯಪ್‌ನ 'ಸ್ಲೀಪ್ ಸೀನ್' ಅಂದರೆ ಇದೇ: ಮಂದ ಬೆಳಕು, ಬೆಚ್ಚನೆ ಪರಿಮಳ. ಹಳೆಯದೆಲ್ಲ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಗಾಳಿಯಾಡದ ಕೋಣೆಯಲ್ಲಿ ಕೆಂಡ ಇಡುವುದು ಜೀವಕ್ಕೇ ಅಪಾಯ, ಹೊಗೆ ಎಳೆಮಗುವಿನ ಉಸಿರಿಗೆ ಕೆಟ್ಟದ್ದು. ಇವತ್ತು ಯಾವ ಆಶಾ ಕಾರ್ಯಕರ್ತೆಯೂ ಇದನ್ನು ಮಾಡಿ ಅನ್ನುವುದಿಲ್ಲ, ನೀವೂ ಮಾಡಬೇಡಿ.

ಸಾಂಬ್ರಾಣಿಯೂ ಊರಿನದಲ್ಲ ಅನ್ನುವುದು ಗೊತ್ತಿರಲಿ. ಅದು ಸುಮಾತ್ರಾ ಕಡೆಯ ಮರದ ಅಂಟು, ಹಡಗಿನಲ್ಲಿ ಬರುತ್ತಿತ್ತು. ಊರಿನ ಕಾಡಿನದು ಅಂದರೆ ಹಾಲುಮಡ್ಡಿ, ರಾಳ. ದರ್ಗಾದಲ್ಲಿ ಲೋಬಾನ, ಗುಡಿಯಲ್ಲಿ ಧೂಪ, ಸಂತೆಯ ಅಂಗಡಿಯಲ್ಲಿ ಮುಸ್ಸಂಜೆಗೆ ಗಲ್ಲಾಪೆಟ್ಟಿಗೆಗೆ ಒಂದು ಸುತ್ತು. ಎಲ್ಲ ಕಡೆ ದೀಪ ಹಚ್ಚುವ ಹೊತ್ತೇ ಧೂಪ ಹಾಕುವ ಹೊತ್ತು.

ಈ ಜೋಡಿ ಮುರಿದದ್ದು ಸೀಮೆಎಣ್ಣೆ ಬಂದಾಗ. ಹೆಸರಲ್ಲೇ ಇದೆ, ಪರಸೀಮೆಯ ಎಣ್ಣೆ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ತಗಡಿನ ಡಬ್ಬಗಳಲ್ಲಿ ಹಳ್ಳಿಗೆ ಬರತೊಡಗಿತು. ಬೆಳಕು ಜಾಸ್ತಿ, ವಾಸನೆ ಹೊಟ್ಟೆ ತೊಳಸುವಂಥದ್ದು. ಅದನ್ನು ದೇವರ ಮುಂದೆ ಹಚ್ಚಲು ಯಾರಿಗೂ ಮನಸ್ಸು ಬರಲಿಲ್ಲ. ಹಾಗಾಗಿ ದೇವರಿಗೆ ಎಣ್ಣೆ ದೀಪ, ಮನುಷ್ಯರಿಗೆ ಬುಡ್ಡಿ ಅಂತ ಎರಡು ಬೆಳಕಾದವು. ನಾನು ಎಸ್ಸೆಸ್ಸೆಲ್ಸಿಗೆ ಓದಿದ್ದು ರೇಷನ್ನಿನ ನೀಲಿ ಸೀಮೆಎಣ್ಣೆ ಬುಡ್ಡಿಯಲ್ಲೇ. ಕರೆಂಟು ಇತ್ತು, ಆದರೆ ಪರೀಕ್ಷೆ ದಿನಗಳಲ್ಲಿ ಇರುತ್ತಿರಲಿಲ್ಲ. ಬೆಳಿಗ್ಗೆ ಮೂಗು ಸೀಟಿದರೆ ಕಪ್ಪು.

ಈಗ ಕರೆಂಟಿನ ಕಥೆಗೆ ಬರೋಣ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇದು ನಮ್ಮ ಮನೆ ಬಾಗಿಲಲ್ಲೇ ಆದದ್ದು.

ನಮ್ಮೂರಿನಿಂದ ಬೈಕಿನಲ್ಲಿ ಅರ್ಧ ಗಂಟೆ ಹೋದರೆ ಶಿವನಸಮುದ್ರ. ನಾವು 'ಬ್ಲಫ್ಫು' ಅನ್ನುತ್ತೇವೆ. ಕಾವೇರಿ ಅಲ್ಲಿ ಧುಮುಕುವ ನೀರಿನಿಂದ ಕರೆಂಟು ತೆಗೆಯುವ ಕೆಲಸವನ್ನು ಮೈಸೂರು ಸಂಸ್ಥಾನ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಹಿಡಿಯಿತು. ಕೆಲಸ ಮುಗಿಯುವ ಮುಂಚೆ, 1901ರಲ್ಲಿ, ಅವರು ತೀರಿಕೊಂಡರು. 1902ರಲ್ಲಿ ಯಂತ್ರ ತಿರುಗಿತು. ಆದರೆ ಆ ಕರೆಂಟು ಹೋದದ್ದು ಮಳವಳ್ಳಿಗಲ್ಲ, ಮಂಡ್ಯಕ್ಕಲ್ಲ, ಮೈಸೂರಿಗೂ ಅಲ್ಲ. 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕೊಟ್ಟರು. ಗಣಿ ಬ್ರಿಟಿಷ್ ಕಂಪನಿಯದ್ದು. ಅಷ್ಟು ದೂರ ಕರೆಂಟು ಸಾಗಿಸಿದ್ದು ಆ ಕಾಲಕ್ಕೆ ಜಗತ್ತೇ ತಿರುಗಿ ನೋಡಿದ ಕೆಲಸ. ಆ ತಂತಿಯ ಕೆಳಗಿದ್ದ ಹಳ್ಳಿಗಳಲ್ಲಿ ಹಣತೆ ಉರಿಯುತ್ತಿತ್ತು.

ಬೆಂಗಳೂರಿಗೆ ಅದೇ ಶಿವನಸಮುದ್ರದ ಕರೆಂಟು 1905ರ ಆಗಸ್ಟ್ 5ರಂದು ಬಂತು. ಅಲ್ಲಿಯವರೆಗೆ ಆ ಊರಿನ ಬೀದಿಗೂ ಸೀಮೆಎಣ್ಣೆ ದೀಪವೇ. ಮೈಸೂರಿಗೆ 1908ರಲ್ಲಿ. ಹಳೆಯ ಮರದ ಅರಮನೆ 1897ರಲ್ಲಿ, ರಾಜಕುಮಾರಿಯ ಮದುವೆಯ ಸಮಯದಲ್ಲಿ, ಬೆಂಕಿಗೆ ಹೋಗಿತ್ತು. 1912ಕ್ಕೆ ಮುಗಿದ ಹೊಸ ಅರಮನೆಗೆ ಕರೆಂಟಿನ ಬೆಳಕು ಸಿಕ್ಕಿತು. ಈಗ ದಸರಾದಲ್ಲಿ ಲಕ್ಷದ ಹತ್ತಿರ ಹಳದಿ ಬಲ್ಬು ಒಮ್ಮೆಲೇ ಹತ್ತಿದಾಗ ಜನ 'ಹೋ' ಅನ್ನುತ್ತಾರಲ್ಲ, ಬೆಳಕು ಮನಸ್ಸನ್ನು ಏನು ಮಾಡುತ್ತದೆ ಅಂತ ನೋಡಲು ಅದಕ್ಕಿಂತ ದೊಡ್ಡ ಸೀನು ಬೇರೆ ಇಲ್ಲ. ಅದೇ ಅರಮನೆಗೆ ಬಿಳಿ ಟ್ಯೂಬ್‌ಲೈಟ್ ಹಾಕಿದ್ದರೆ ಹೇಗಿರುತ್ತಿತ್ತು, ಯೋಚಿಸಿ.

ನಮ್ಮ ಹಳ್ಳಿಗಳಿಗೆ ಬರಲು ದಶಕಗಳೇ ಹಿಡಿದವು. ಬಡವರ ಮನೆಗೆ ಅಂದರೆ ಭಾಗ್ಯಜ್ಯೋತಿ, ಅದು 1970ರ ದಶಕದ ಕೊನೆಯದು. ಒಂದು ಮನೆಗೆ ಒಂದು ಬಲ್ಬು. ಆ ಬಲ್ಬನ್ನು ಎಲ್ಲಿ ಹಾಕಬೇಕು ಅನ್ನುವುದೇ ದೊಡ್ಡ ಚರ್ಚೆ. ಅಡುಗೆ ಮನೆಗೂ ನಡುಮನೆಗೂ ನಡುವಿನ ಗೋಡೆಯಲ್ಲಿ ತೂತು ಕೊರೆದು ಅಲ್ಲಿ ಬಲ್ಬು ಕೂರಿಸಿದ ಮನೆ ನಾನೇ ನೋಡಿದ್ದೇನೆ. ಗಂಡಸರ ಕಡೆ ಅರ್ಧ, ಹೆಂಗಸರ ಕಡೆ ಅರ್ಧ. ಇನ್ನೊಂದು ಕಾಕತಾಳೀಯ: ಬೆಂಗಳೂರಿಗೆ ಬೆಳಕು ಬಂದ ಅದೇ ಆಗಸ್ಟ್ 5ರಂದು, 118 ವರ್ಷ ಕಳೆದು 2023ರಲ್ಲಿ, ಕಲಬುರಗಿಯಲ್ಲಿ ಗೃಹಜ್ಯೋತಿಗೆ ಚಾಲನೆ ಕೊಟ್ಟರು. ಉಚಿತ ಕರೆಂಟು ಅಂತ ನಮ್ಮನ್ನು ಆಡಿಕೊಳ್ಳುವವರು 1902ರ ತಂತಿಯನ್ನೂ ಒಮ್ಮೆ ನೆನೆಯಲಿ.

ಬಲ್ಬಿಗೆ ವಾಸನೆ ಇಲ್ಲ. ಬೆಳಕಿನಿಂದ ಪರಿಮಳ ಪೂರ್ತಿ ಬಿಟ್ಟುಹೋದದ್ದು ಆಗ. ಆದರೂ ನಮ್ಮ ಹೆಂಗಸರು ಒಂದು ಅಭ್ಯಾಸ ಬಿಡಲಿಲ್ಲ. ಮುಸ್ಸಂಜೆ ಸ್ವಿಚ್ ಒತ್ತಿದ ಕೂಡಲೇ ಬಲ್ಬಿಗೆ ಕೈ ಮುಗಿಯುತ್ತಾರೆ, ಆಮೇಲೆ ಒಂದು ಊದುಬತ್ತಿ ಹಚ್ಚುತ್ತಾರೆ. ಹಣತೆಯ ಜಾಗಕ್ಕೆ ಬಲ್ಬು ಬಂತು, ಎಣ್ಣೆಯ ವಾಸನೆಯ ಜಾಗಕ್ಕೆ ಅಂಗಡಿಯ ಕಡ್ಡಿ ಬಂತು.

ಆ ಕಡ್ಡಿಯ ಕಥೆಯೂ ತಂತಿಯ ಕಥೆಯಂತೆಯೇ ಇದೆ. ಶ್ರೀಗಂಧವನ್ನು ಟಿಪ್ಪು 1792ರಲ್ಲಿ ರಾಜವೃಕ್ಷ ಅಂತ ಸಾರಿದ. ಟಿಪ್ಪು ಹೋದರೂ ಕಾಯಿದೆ ಹೋಗಲಿಲ್ಲ. ನಿಮ್ಮ ಹೊಲದ ಬದುವಿನಲ್ಲಿ ಗಂಧದ ಸಸಿ ತಾನಾಗಿ ಹುಟ್ಟಿದರೂ ಮರ ಸರ್ಕಾರದ್ದು. ಬೆಳೆದವನಿಗೆ ಒಡೆತನ ಸಿಕ್ಕಿದ್ದು 2001ರ ತಿದ್ದುಪಡಿಯಲ್ಲಿ. ಅಷ್ಟರಲ್ಲಿ ಕೇಸಿಗೆ ಹೆದರಿ ಸಸಿಯಿದ್ದಾಗಲೇ ಕಿತ್ತೆಸೆದ ರೈತರು ನಮ್ಮ ಕಡೆ ಎಷ್ಟೋ ಮಂದಿ. ನಮ್ಮ ಗಂಧದ ತುಂಡು ಮೊದಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ಶುರುವಾಗಿ ಕೊಳ್ಳುವವರಿಲ್ಲದೆ ಮರ ರಾಶಿ ಬಿದ್ದಾಗಲೇ, ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ವಿಶ್ವೇಶ್ವರಯ್ಯನವರ ಕಾಲದಲ್ಲಿ, ಇಲ್ಲಿಯೇ ಎಣ್ಣೆ ತೆಗೆಯುವ ಕಾರ್ಖಾನೆ ಬಂದದ್ದು. ಮೈಸೂರು ಸ್ಯಾಂಡಲ್ ಸೋಪು ಅದರದ್ದೇ ಮಗು.

ಊದುಬತ್ತಿ ಉದ್ಯಮ ಮೈಸೂರು, ಬೆಂಗಳೂರಲ್ಲಿ ಬೆಳೆಯಿತು. ಸೈಕಲ್ ಬ್ರ್ಯಾಂಡಿನ ಎನ್. ರಂಗರಾವ್ ಮೈಸೂರಿನಲ್ಲಿ ಶುರು ಮಾಡಿದ್ದು 1948ರಲ್ಲಿ. 2005ರಲ್ಲಿ 'ಮೈಸೂರು ಅಗರಬತ್ತಿ'ಗೆ ಭೌಗೋಳಿಕ ಗುರುತು ಸಿಕ್ಕಿತು. ಇದೆಲ್ಲ ಪತ್ರಿಕೆಯಲ್ಲಿ ಬರುತ್ತದೆ. ಬರದೇ ಇರುವುದು, ಕಡ್ಡಿ ಹೊಸೆಯುವ ಕೈಗಳು. ಇದ್ದಿಲು ಪುಡಿ, ಮರದ ಹೊಟ್ಟು, ಜಿಗಟು ಪುಡಿ ಕಲಸಿ, ಮಣೆಯ ಮೇಲೆ ಬಿದಿರು ಕಡ್ಡಿಗೆ ಅಂಗೈಯಿಂದ ಹೊಸೆಯಬೇಕು. ಕೂಲಿ ಸಾವಿರ ಕಡ್ಡಿಗೆ ಇಷ್ಟು ಅಂತ. ಮಾಡುವವರು ಹೆಚ್ಚೂಕಮ್ಮಿ ಎಲ್ಲ ಹೆಂಗಸರೇ, ಅದೂ ಮನೆಯಲ್ಲೇ ಕೂತು. ಮನೆಯಲ್ಲಿ ಹೊಸೆದ ಕಡ್ಡಿಗೆ ಪರಿಮಳ ಇರುವುದಿಲ್ಲ. ಅದು ಬರೀ ಕಪ್ಪು ಕಡ್ಡಿ. ಕಾರ್ಖಾನೆಗೆ ಹೋದ ಮೇಲೆ ಅದಕ್ಕೆ ಸೆಂಟು. ಹೊಸೆಯುವ ಮನೆಗೆ ಉಳಿಯುವುದು ಇದ್ದಿಲು ಧೂಳು. ವರದಿಗೆಂದು ಹೋಗಿದ್ದಾಗ ಒಬ್ಬ ಅಕ್ಕ ಅಂಗೈ ತೋರಿಸಿದರು, ಗೆರೆಯೇ ಇರಲಿಲ್ಲ. "ಕೈ ನೋಡಿ ಸಾಸ್ತ್ರ ಹೇಳೋರು ನಮ್ಮನೆಗೆ ಬರಾಕಿಲ್ಲ ಸಾರ್" ಅಂತ ನಕ್ಕರು.

ಆಮೇಲೆ ಯಂತ್ರ ಬಂತು, ವಿಯೆಟ್ನಾಂ ಮತ್ತು ಚೀನಾದ ಕಪ್ಪು ಕಡ್ಡಿಯೂ ಬಂತು. 2019ರ ಆಗಸ್ಟ್ ಕೊನೆಯಲ್ಲಿ ಕೇಂದ್ರ ಸರ್ಕಾರ ಊದುಬತ್ತಿ ಆಮದಿಗೆ ಕಡಿವಾಣ ಹಾಕಿತು. 2020ರಲ್ಲಿ ಬಿದಿರು ಕಡ್ಡಿಯ ಸುಂಕವನ್ನು ಶೇಕಡಾ 10ರಿಂದ 25ಕ್ಕೆ ಏರಿಸಿತು. ಕೆಲಸ ತಿರುಗಿ ಬಂದದ್ದು ಬಹುಪಾಲು ಯಂತ್ರಕ್ಕೆ. ಆ ಅಕ್ಕ ಈಗ ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾರೆ.

ಇನ್ನು ಬೆಳಕಿನ ಬಣ್ಣ. ಬಲ್ಬಿನ ಡಬ್ಬದ ಮೇಲೆ 2700 ಕೆಲ್ವಿನ್, 6500 ಕೆಲ್ವಿನ್ ಅಂತ ಬರೆದಿರುತ್ತದೆ. ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿ, ಹೆಚ್ಚಿದಷ್ಟೂ ನೀಲಿ ಬೆರೆತ ಬಿಳಿ. ಎಣ್ಣೆ ದೀಪ 1900ರ ಹತ್ತಿರ, ಹಳೆಯ ತಂತಿ ಬಲ್ಬು 2700, ನಮ್ಮ ಬಿಳಿ ಟ್ಯೂಬ್‌ಲೈಟ್ 6500. ಹಳ್ಳಿಯಲ್ಲಿ ಟ್ಯೂಬ್‌ಲೈಟ್ ಅಂದರೆ ಅಂತಸ್ತು. ಮದುವೆ ಮನೆ ಗೊತ್ತಾಗುವುದೇ ಸಾಲು ಟ್ಯೂಬಿನಿಂದ. 2015ರಲ್ಲಿ ಉಜಾಲಾ ಯೋಜನೆಯ ಎಲ್‌ಇಡಿ ಬಂದಾಗಲೂ ನಾವೆಲ್ಲ ಹಾಕಿಕೊಂಡದ್ದು ಬಿಳಿ ಬೆಳಕನ್ನೇ. ರಾತ್ರಿ ಹೊತ್ತು ಆ ನೀಲಿ ಮಿಶ್ರಿತ ಬಿಳುಪು ನಿದ್ದೆಯನ್ನು ಹಿಂದಕ್ಕೆ ತಳ್ಳುತ್ತದೆ ಅನ್ನುವುದು ಈಗ ಗೊತ್ತಿರುವ ವಿಷಯ. ಹೊಲದಿಂದ ದಣಿದು ಬಂದವರಿಗೆ ಇದು ಸಣ್ಣ ಮಾತಲ್ಲ. ಹಳದಿ ಬಲ್ಬಿಗೆ ಆ್ಯಪ್ ಬೇಕಿಲ್ಲ. ಅಂಗಡಿಯಲ್ಲಿ 'ವಾರ್ಮ್ ವೈಟ್' ಎಲ್‌ಇಡಿ ಕೊಡಿ ಅಂದರೆ ಸಾಕು, ಬೆಲೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ.

ಫೋನಿನಿಂದ ಬಣ್ಣ ಬದಲಿಸುವ ಬಲ್ಬುಗಳಲ್ಲಿ ಹೆಸರು ಮಾಡಿದ ಫಿಲಿಪ್ಸ್ ಹ್ಯೂ ಬಂದದ್ದು 2012ರಲ್ಲಿ. ಈಗ ಅಗ್ಗದ ಬಲ್ಬು ತಾಲ್ಲೂಕಿನ ಅಂಗಡಿಗೂ ಬಂದಿದೆ. ತರುವ ಮನಸ್ಸಿದ್ದವರಿಗೆ ನನ್ನ ಅನುಭವ ಹೇಳಿಬಿಡುತ್ತೇನೆ. ಗೋಡೆಯ ಸ್ವಿಚ್ ಸದಾ ಆನ್ ಇರಬೇಕು. ನಮ್ಮನೆಯಲ್ಲಿ ಅವ್ವ ಮಲಗುವ ಮುಂಚೆ ಎಲ್ಲ ಸ್ವಿಚ್ಚನ್ನೂ ಆರಿಸುತ್ತಾಳೆ, ಅಲ್ಲಿಗೆ ಬೆಳಗಿನ ಸೀನು ಮುಗಿಯಿತು. ವೈಫೈ ಇಲ್ಲದ್ದಕ್ಕೆ ನನ್ನ ಫೋನಿನ ಹಾಟ್‌ಸ್ಪಾಟ್ ಕೊಟ್ಟಿದ್ದೆ. ನಾನು ವರದಿಗೆ ಮಂಡ್ಯಕ್ಕೆ ಹೊರಟರೆ ಅದೂ ನನ್ನ ಜೇಬಿನಲ್ಲಿ ಮಂಡ್ಯಕ್ಕೆ ಬರುತ್ತದೆ. ಕರೆಂಟು ಹೋಗಿ ಬಂದರೆ ನನ್ನ ಬಲ್ಬು ನಡುರಾತ್ರಿಯಾದರೂ ಪೂರ್ತಿ ಬಿಳಿಯಾಗಿ ಹತ್ತುತ್ತದೆ, ಸೆಟ್ಟಿಂಗ್ ಬದಲಿಸುವವರೆಗೆ. ಡಿಫ್ಯೂಸರ್‌ಗೆ ಬಟನ್ ಒತ್ತಿಯೇ ಶುರು ಮಾಡಬೇಕಾದರೆ ಸ್ಮಾರ್ಟ್ ಪ್ಲಗ್ ಕೊಟ್ಟೂ ಪ್ರಯೋಜನವಿಲ್ಲ. ಒಂದು ಒಳ್ಳೆಯದು, ಹೊಗೆ ಇಲ್ಲ. ದಮ್ಮಿನ ತೊಂದರೆ ಇರುವವರಿಗೆ ಊದುಬತ್ತಿ ಹೊಗೆ ಆಗುವುದಿಲ್ಲ. ಆದರೆ ಅವರಿಗೆ ಸೆಂಟು ಕೂಡ ಆಗದೇ ಹೋಗಬಹುದು, ನೋಡಿ ಬಳಸಿ.

ಆ್ಯಪ್‌ನಲ್ಲಿ 'ರಿಲ್ಯಾಕ್ಸ್' ಅಂತ ಇದ್ದ ಸೀನಿಗೆ ಅವರು ಸೂಚಿಸಿದ್ದೇ ಗಂಧ. ಅದನ್ನು ಬರೆದವರ ಮನೆಯಲ್ಲಿ ಗಂಧ ಅಂದರೆ ಬೇರೆ ಏನೋ ಇರಬೇಕು. ಅವ್ವನನ್ನು ಒಂದು ದಿನ ಕೇಳಿದೆ, ನಿನಗೆ ಯಾವ ವಾಸನೆ ಹಿತ ಅಂತ. ಸ್ವಲ್ಪ ಯೋಚಿಸಿದಳು. "ಹರಳೆಣ್ಣೆ ಕಾಯ್ಸೋವಾಗ ಬತ್ತದಲ್ಲ, ಅದು" ಅಂದಳು. ಅವಳ ಅವ್ವ ಹಿತ್ತಿಲಲ್ಲಿ ಮೂರು ಕಲ್ಲಿಟ್ಟು ಹರಳು ಬೇಯಿಸಿ ಎಣ್ಣೆ ತೆಗೆಯುತ್ತಿದ್ದಳಂತೆ, ಮಕ್ಕಳು ಸುತ್ತ ಕೂತಿರುತ್ತಿದ್ದರಂತೆ. ಆ ವಾಸನೆಯ ಸೀಸೆ ಯಾವ ಆನ್‌ಲೈನ್ ಅಂಗಡಿಯಲ್ಲೂ ನನಗೆ ಸಿಗಲಿಲ್ಲ.

ಬಲ್ಬು ನಡುಮನೆಯಲ್ಲೇ ಇದೆ, ಹಳದಿಗೆ ನಿಲ್ಲಿಸಿದ್ದೇನೆ, ಆ್ಯಪ್ ತೆಗೆದಿದ್ದೇನೆ. ಅವ್ವ ಸಂಜೆ ಸ್ವಿಚ್ ಒತ್ತಿ ಅದಕ್ಕೆ ಕೈ ಮುಗಿಯುತ್ತಾಳೆ. ದೇವರ ಗೂಡಿಗೆ ಮಲ್ಲಿಗೆ ಕಡ್ಡಿ ತರಿಸಿಕೊಂಡಿದ್ದಾಳೆ. ಡಿಫ್ಯೂಸರ್ ಅಟ್ಟದ ಮೇಲೆ ಡಬ್ಬದ ಸಮೇತ ಇದೆ. ಬೇಕಾದವರು ಬಂದು ಒಯ್ಯಬಹುದು, ಗಂಧದ ಸೀಸೆಯಲ್ಲಿ ಇನ್ನೂ ಮುಕ್ಕಾಲು ಪಾಲು ಉಳಿದಿದೆ.